ಭೀಮಕ್ಕನ ಪೊರಕೆ, ಕೋಳಿಗಳ ಉಸಿರು

ಬೆಳಗಾದರೆ ಭೀಮಕ್ಕನ ಶೆಡ್ಡಿನಲ್ಲಿ ಮತ್ತೊಂದು ಕೋಳಿ ಸತ್ತು ಬಿದ್ದಿರುತ್ತಿತ್ತು. ಉಳಿದವು ಕತ್ತು ಚಾಚಿ, ಬಾಯಿ ತೆರೆದು, ಗೊರಗೊರ ಉಸಿರೆಳೆಯುತ್ತಿದ್ದವು. ಗಂಡ ದುರುಗಣ್ಣನಿಗೆ ನಡು ಹಿಡಿದು ಕೆಲಸ ಬಿಟ್ಟ ಮೇಲೆ, ಜಗಳೂರು ಪಕ್ಕದ ಆ ಮನೆ ನಡೆಯುತ್ತಿದ್ದುದೇ ಈ ಕೋಳಿಗಳ ಮೊಟ್ಟೆಯಿಂದ.

ಊರಿನ ಮಹಿಳಾ ಸಂಘದಿಂದ ಕೋಳಿ ಸಾಕಣೆ ತರಬೇತಿ ಪಡೆದ ಪುಷ್ಪಾವತಿ, ಸತ್ತ ಕೋಳಿಯನ್ನು ಪಶು ಆಸ್ಪತ್ರೆಯಲ್ಲಿ ತೋರಿಸಿ ಬಂದಳು. ಭೀಮಕ್ಕ ಶೆಡ್ ಗುಡಿಸುತ್ತಿದ್ದಳು. ಹೊನ್ನಾಳಿ ಮಿಲ್ಲಿನಿಂದ ತಂದು ಹಾಸಿದ ಭತ್ತದ ಹೊಟ್ಟು ತುಳಿದು ತುಳಿದು ಹಿಟ್ಟಾಗಿತ್ತು. ಗಾಳಿ ನುಗ್ಗದಂತೆ ಸುತ್ತ ಗೋಣಿಚೀಲ ಕಟ್ಟಿತ್ತು.

"ಡಾಕ್ಟ್ರು ಕೊಯ್ದು ನೋಡಿದ್ರು. ಪುಪ್ಪುಸ ಕೆಟ್ಟೈತೆ, ಶೆಡ್ಡಿನಾಗೆ ಧೂಳಿರಬೇಕು ಅಂದ್ರು."

"ಧೂಳಾ? ದಿನಾ ಎಲ್ಡು ಸಲ ಗುಡಿಸ್ತೀನಿ. ನಿನ್ನ ಅಡಿಗೆಮನೆಗಿಂತ ಚೊಕ್ಕ ಐತೆ."

"ಅಂಗಳಕ್ಕೆ ನೀರು ಚಿಮುಕಿಸದೆ ಪೊರಕೆ ಮುಟ್ಟಲ್ಲ ನೀನು. ಇಲ್ಲಿ, ಕೋಳಿ ಒಳಗಿರುವಾಗ್ಲೇ ಒಣ ಗುಡಿಸ್ತೀಯಲ್ಲ."

"ಹೊಟ್ಟು ಹಸಿ ಆಗಬಾರ್ದು ಅಂತ ನೀನೇ ಹೇಳಿದ್ದೆ."

"ಹಸೀನೂ ಆಗಬಾರ್ದು, ಹಿಟ್ಟೂ ಆಗಬಾರ್ದು."

ಕಟ್ಟೆ ಮೇಲಿಂದ ದುರುಗಣ್ಣ ನಕ್ಕ. "ಧೂಳಿಗೆ ಸಾಯೋದಾದ್ರೆ ಜಗಳೂರಿನಾಗೆ ಒಬ್ರೂ ಉಳೀತಿರ್ಲಿಲ್ಲ ಬಿಡವ್ವ."

ಪುಷ್ಪಾವತಿ ಸ್ಟೀಲ್ ತಟ್ಟೆಗೆ ಕೊಬ್ಬರಿ ಎಣ್ಣೆ ಸವರಿ, ಕೋಳಿ ತಲೆಯೆತ್ತರಕ್ಕೆ ಇಟ್ಟಳು. "ಈಗ ಗುಡಿಸು."

ಗುಡಿಸಿ ಮುಗಿಯುವಷ್ಟರಲ್ಲಿ ಎಣ್ಣೆಗೆ ಧೂಳು ಅಂಟಿ ತಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು. ಹೊಟ್ಟಿನ ಪುಡಿ, ಒಣ ಹಿಕ್ಕೆ, ಪುಕ್ಕದ ಚೂರು, ಮೇವಿನ ಹಿಟ್ಟು.

"ನಾವು ಹೊರಗೆ ಹೋಗ್ತೀವಿ, ಅಣ್ಣ. ಅವು ಹಗಲೂ ರಾತ್ರಿ ಇದನ್ನೇ ಎಳ್ಕೊಳ್ತಾವೆ. ಧೂಳು ಉಸಿರಿನ ದಾರಿ ಕೆಡಿಸಿ ಪುಪ್ಪುಸಕ್ಕೆ ಇಳೀತೈತೆ. ಅದರ ಬೆನ್ನಿಗೇ ರೋಗಾಣು."

ದುರುಗಣ್ಣ ತಟ್ಟೆಯನ್ನು ಬೆರಳಲ್ಲಿ ಒರೆಸಿ ನೋಡಿದ. ಮತ್ತೆ ನಗಲಿಲ್ಲ.

"ಹಂಗಾದ್ರೆ ನನ್ನ ಕೈಯಾರೆ..." ಭೀಮಕ್ಕ ಪೊರಕೆ ಕೆಳಗಿಟ್ಟಳು. "ಈಗ ಏನ್ ಮಾಡಾಕೆ ಆಗ್ತೈತೆ?"

"ಕೋಳಿ ಒಳಗಿರುವಾಗ ಒಣ ಗುಡಿಸಬ್ಯಾಡ್ರಿ. ಚೀಲ ಮೇಲಿಂದ ಇಳಿಸ್ರಿ, ಗಾಳಿ ಆಡ್ಲಿ. ಮೂಗಿಗೆ ಬಟ್ಟೆ ಕಟ್ಕೊಂಡು, ಕೋಳಿ ಹೊರಗೆ ಬಿಟ್ಟು, ಈ ಹೊಟ್ಟು ತೆಗೆದು ಬೇರೆ ಹಾಸ್ರಿ. ಗೊರಗುಟ್ಟೋವನ್ನ ಬೇರೆ ಇಡ್ರಿ, ಡಾಕ್ಟ್ರು ಹೇಳಿದ ಔಷಧಿ ಕೊಡ್ರಿ. ಆದ್ರೆ ಪೂರ್ತಿ ಕೆಟ್ಟಿರೋ ಪುಪ್ಪುಸ ಮತ್ತೆ ಹೊಸದಾಗಲ್ಲ, ಭೀಮಕ್ಕ."

ನಡು ಹಿಡಿದುಕೊಂಡೇ ಚೀಲ ಬಿಚ್ಚಿದವನು ದುರುಗಣ್ಣ. ಹೊಸ ಹೊಟ್ಟು ಬಂತು, ಗಾಳಿ ಬಂತು. ಆದರೂ ಕೋಳಿ ಸಾಯುವುದು ಬೇಗ ನಿಲ್ಲಲಿಲ್ಲ. ಕೊನೆಗೆ ಉಳಿದವು ಶೆಡ್ಡಿನ ಒಂದು ಮೂಲೆಗಾಗುವಷ್ಟೇ. ಭೀಮಕ್ಕ ಈಗಲೂ ಬೆಳಗ್ಗೆ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಮೊದಲು ಅವುಗಳ ಉಸಿರಿಗೆ ಕಿವಿಗೊಡುತ್ತಾಳೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಶೆಡ್ಡಿನಲ್ಲೂ ಇವತ್ತೇ ಎಣ್ಣೆ ಸವರಿದ ತಟ್ಟೆ ಇಟ್ಟು ನೋಡಿ. ಕೋಳಿ ಕತ್ತು ಚಾಚುವ ಮೊದಲೇ ನೋಡಿ. ಭೀಮಕ್ಕ ನೋಡಿದಾಗ ತಡವಾಗಿತ್ತು.