ಅಕ್ಕನಿಗೆ ಒಂದು ಸಾಲದು

ಕನ್ನಡಕದ ಅಂಗಡಿಯ ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಕಣ್ಣು ಪರೀಕ್ಷಿಸುವುದು ಅವಳ ಕೆಲಸ, ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ತಮ್ಮನದು. ಅಕ್ಕನನ್ನು ರೇಗಿಸುವುದೂ ಆ ಕೆಲಸದಲ್ಲೇ ಸೇರಿದೆಯೆಂದು ಅವನು ತಿಳಿದಿದ್ದ.

ಐವತ್ತು ದಾಟಿದ ಮೇಲೆ ಅವಳಿಗೆ ಮೈಯೆಲ್ಲ ತುರಿಕೆ ಶುರುವಾಯಿತು. ಗುಳ್ಳೆ ಇಲ್ಲ, ಕಲೆ ಇಲ್ಲ; ಬರೀ ತುರಿಕೆ, ಜೊತೆಗೆ ಕುರ್ಚಿ ಬಿಟ್ಟೇಳಲಾಗದಷ್ಟು ಸುಸ್ತು. ಸೋಪು ಬದಲಿಸಿದಳು, ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಒಂದು ದಿನ ಗಿರಾಕಿಯ ಹೊಸ ಕನ್ನಡಕದ ಕಡ್ಡಿಯಿಂದಲೇ ಬೆನ್ನು ಕೆರೆದುಕೊಳ್ಳುತ್ತಿದ್ದಾಗ ಸಿಕ್ಕಿಬಿದ್ದಳು. ತಮ್ಮ ಆಗಲೇ ಅವಳನ್ನು ಆಸ್ಪತ್ರೆಗೆ ಹೊರಡಿಸಿದ.

ರೋಗಗಳಿಂದ ಕಾಯಬೇಕಾದ ದೇಹದ ಕಾವಲು ಪಡೆಯೇ ದಾರಿ ತಪ್ಪಿ, ಲಿವರಿನೊಳಗಿನ ಸಣ್ಣ ಪಿತ್ತನಾಳಗಳ ಮೇಲೆ ಬಿದ್ದಿದೆ ಎಂದರು ಡಾಕ್ಟರಮ್ಮ. ಅದಕ್ಕೊಂದು ಮಾತ್ರೆ ಕೊಟ್ಟರು. ಆರು ತಿಂಗಳಲ್ಲಿ ತುರಿಕೆ ತಗ್ಗಿತು. ಆದರೆ ರಕ್ತ ಪರೀಕ್ಷೆಯ ಕೆಲವು ಅಂಕಿಗಳು ಇಳಿಯುವ ಬದಲು ಏರಿದವು. ಸೂಜಿಯಿಂದ ಲಿವರಿನ ಸಣ್ಣ ಚೂರು ತೆಗೆದು ನೋಡಿದರೆ, ಅದೇ ಪಡೆ ಲಿವರಿನ ಜೀವಕೋಶಗಳನ್ನೂ ಬಿಟ್ಟಿರಲಿಲ್ಲ.

"ಅದು ಬೇರೆ ಕಾಯಿಲೆ. ಎರಡೂ ಒಟ್ಟಿಗೆ ಇರೋದು ಅಪರೂಪ," ಎಂದರು ಡಾಕ್ಟರಮ್ಮ.

"ನಮ್ಮಕ್ಕನಿಗೆ ಯಾವತ್ತೂ ಒಂದು ಸಾಲಲ್ಲ ಡಾಕ್ಟ್ರೇ. ಚಪ್ಪಲಿ ತಗೊಂಡ್ರೂ ಎರಡು ಜೊತೆ," ಎಂದ ತಮ್ಮ.

"ನೀನು ಹೊರಗಡೆ ಕೂತ್ಕೋ," ಎಂದಳು ಅಕ್ಕ. ಅವನು ಜಾಗ ಬಿಟ್ಟು ಕದಲಲಿಲ್ಲ.

ಎರಡನೆಯದಕ್ಕೆ ಸ್ಟೀರಾಯ್ಡ್ ಮಾತ್ರೆ ಬಂತು. ಜೊತೆಗೆ ಇನ್ನಿಲ್ಲದ ಹಸಿವು ಬಂತು, ಕೋಪ ಇಮ್ಮಡಿಯಾಯಿತು.

"ಬೈದಿದ್ದು ನಾನಲ್ಲ ಕಣೋ, ಮಾತ್ರೆ," ಎಂದಳೊಮ್ಮೆ.

"ಹೌದೌದು. ಹಿಂದಿನ ನಲವತ್ತು ವರ್ಷ ಯಾವ ಮಾತ್ರೆ ನುಂಗ್ತಿದ್ದೆ?"

ಅವಳಿಗೂ ನಗು ತಡೆಯಲಾಗಲಿಲ್ಲ. ಆದರೆ ಆ ಮಾತ್ರೆಯಿಂದ ಮುಖ ಊದಿ ದಿನದಿನಕ್ಕೆ ಗುಂಡಗಾಗುತ್ತಿತ್ತು, ಅಂಗಡಿಯ ತುಂಬ ಕನ್ನಡಿಗಳು. ಹಳೆಯ ಗಿರಾಕಿಯೊಬ್ಬರು ಬಂದು, ಅವಳನ್ನೇ ನೋಡುತ್ತ, "ಅಕ್ಕಾವ್ರು ಇಲ್ವಾ?" ಎಂದರು. ಅವಳು ಏನೋ ಹೇಳಿ ಕಳಿಸಿದಳು. ಮಾರನೆಯ ದಿನದಿಂದ ಯಾರಿಗೂ ಹೇಳದೆ ಸ್ಟೀರಾಯ್ಡಿನ ಅರ್ಧ ಮಾತ್ರೆಯನ್ನಷ್ಟೇ ನುಂಗತೊಡಗಿದಳು.

ಮುಂದಿನ ಪರೀಕ್ಷೆಯಲ್ಲಿ ಅಂಕಿಗಳು ಮತ್ತೆ ಮೇಲೇರಿದ್ದವು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, "ಡೋಸ್ ಜಾಸ್ತಿ ಮಾಡ್ಬೇಕಾಗುತ್ತೇನೋ," ಎಂದರು. ತಮ್ಮನ ಮುಖ ಬಿಳಿಚಿಕೊಂಡಿತು. ಅವನು ಒಂದು ತಮಾಷೆಯನ್ನೂ ಮಾಡದ್ದನ್ನು ನೋಡಿ ಅಕ್ಕನಿಗೆ ಕಾಯಿಲೆಗಿಂತ ಹೆಚ್ಚು ಹೆದರಿಕೆಯಾಯಿತು. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು.

"ಸ್ಟೀರಾಯ್ಡನ್ನ ನೀವೇ ಕಡಿಮೆ ಮಾಡೋದು ಅಪಾಯ," ಎಂದರು ಡಾಕ್ಟರಮ್ಮ, ದನಿ ಏರಿಸದೆ. "ಮುಖದ್ದೇ ಚಿಂತೆಯಾದ್ರೆ ನನಗೆ ಹೇಳಿ. ಜೊತೆಗೆ ಇನ್ನೊಂದು ಔಷಧಿ ಕೊಡ್ತೀನಿ. ಕಾಯಿಲೆ ಹಿಡಿತಕ್ಕೆ ಬಂದ ಹಾಗೆ ಸ್ಟೀರಾಯ್ಡನ್ನ ನಾನೇ ನಿಧಾನವಾಗಿ ಇಳಿಸ್ತೀನಿ. ರಕ್ತ ಮಾತ್ರ ಆಗಾಗ ಪರೀಕ್ಷೆ ಮಾಡಿಸ್ತಿರಬೇಕು."

ಮೆಟ್ಟಿಲಿಳಿಯುವಾಗ ತಮ್ಮ ಕೇಳಿದ, "ನನಗಾದ್ರೂ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀನು ನಗ್ತಿದ್ದೆ."

"ನಗ್ತಿದ್ದೆ. ನಕ್ಕೊಂಡೇ ಪೂರ್ತಿ ಮಾತ್ರೆ ನುಂಗಿಸ್ತಿದ್ದೆ."

ಅಂದಿನಿಂದ ಅಂಗಡಿಯ ಬಾಗಿಲು ತೆರೆಯುವ ಮೊದಲು ಅವಳು ಅವನೆದುರೇ ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸಬೇಕಾಯಿತು. "ನಾಲಿಗೆ ಎತ್ತು," ಎನ್ನುತ್ತಿದ್ದ ಅವನು, ಗಂಭೀರವಾಗಿ. ಬೈಗುಳ ಕೇಳಿದ ಮೇಲೆಯೇ ಬೀಗ ತೆಗೆಯುತ್ತಿದ್ದ.

ವರ್ಷ ತುಂಬುವ ಹೊತ್ತಿಗೆ ಅಂಕಿಗಳು ಹದಕ್ಕೆ ಬಂದವು, ಸ್ಟೀರಾಯ್ಡ್ ಚೂರಷ್ಟೇ ಉಳಿಯಿತು.

"ಮೊದಲನೇ ಮಾತ್ರೆ ಜೀವನಪೂರ್ತಿ ಬೇಕು. ಉಳಿದದ್ದನ್ನ ನೋಡೋಣ," ಎಂದರು ಡಾಕ್ಟರಮ್ಮ.

ಅಕ್ಕ ತಲೆಯಾಡಿಸಿ ಕೈ ಚಾಚಿದಳು. "ನಿಮ್ಮ ಕನ್ನಡಕ ಕೊಡಿ ಇಲ್ಲಿ."

ಅವರು ಅರ್ಥವಾಗದೆ ಕೊಟ್ಟರು. ಚೀಲದಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಎರಡು ತಿರುವು ತಿರುವಿ, ಕಡ್ಡಿಯನ್ನು ನೆಟ್ಟಗೆ ಮಾಡಿ ಹಿಂದಿರುಗಿಸಿದಳು.

"ಯಾವಾಗಿಂದ ಸೊಟ್ಟಗಿತ್ತು?" ಎಂದರು ಡಾಕ್ಟರಮ್ಮ.

"ನಾನು ಬಂದ ಮೊದಲನೇ ದಿನದಿಂದ. ನಿಮಗೆ ಹೇಳೋಕೆ ನನಗೆ ಧೈರ್ಯ ಬಂದಿರಲಿಲ್ಲ."

ಡಾಕ್ಟರಮ್ಮ ನಗುತ್ತ ಮುಂದಿನ ತಾರೀಕು ಬರೆದುಕೊಟ್ಟರು.