ಎಸ್ಪ್ರೆಸೊ ಅತ್ತೆ

ಸೊಸೆಗೆ ಕಾಫಿ ಕಂಡರಾಗುತ್ತಿರಲಿಲ್ಲ. ಕಾಫಿ ಅಂಗಡಿಯ ಮನೆಗೆ ಮದುವೆಯಾಗಿ ಬಂದವಳು ಬೆಳಿಗ್ಗೆ ಎದ್ದು ಬಿಸಿ ಹಾಲು ಕುಡಿಯುತ್ತಾಳೆಂದರೆ ಬೀದಿಯವರು ಸುಮ್ಮನೆ ಬಿಟ್ಟಾರೆಯೇ? ಆದರೆ ಅತ್ತೆ ಎಸ್ಪ್ರೆಸೊ ಮಾಡುವುದನ್ನು ನೋಡುವುದೆಂದರೆ ಮಾತ್ರ ಅವಳಿಗೆ ಪಂಚಪ್ರಾಣ.

ಬೀದಿಯೆಲ್ಲ ಅವರನ್ನು ಕರೆಯುತ್ತಿದ್ದುದೇ ಎಸ್ಪ್ರೆಸೊ ಅತ್ತೆ ಎಂದು. ಮಷೀನಿನ ಮುಂದೆ ನಿಂತರೆ ಅವರ ಮಾತು ಬಂದ್. ಬೀಜ ಪುಡಿಯಾಗುವ ಸದ್ದಿಗೆ ಕಿವಿಗೊಟ್ಟು, ಗಾಳಿಯಲ್ಲಿ ತೇವ ಇದೆಯೆನಿಸಿದರೆ ಗ್ರೈಂಡರಿನ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸುತ್ತಿದ್ದರು. ಹಿಡಿಕೆಯ ಬಟ್ಟಲಿಗೆ ಪುಡಿ ತುಂಬಿ, ಬೆರಳಿನಿಂದ ಸಮ ಮಾಡಿ, ಮೊಣಕೈ ಎತ್ತಿ ಒಂದೇ ಒಂದು ಸಲ ಒತ್ತುತ್ತಿದ್ದರು. ಕಾಫಿ ಜೇನಿನ ಹಾಗೆ ಎಳೆಯಾಗಿ ಇಳಿಯುತ್ತಿತ್ತು. ಆ ಎಳೆ ಬಿಳಿಚಿಕೊಳ್ಳುವ ಮೊದಲೇ ಕಪ್ ಈಚೆಗೆ ಬಂದಿರುತ್ತಿತ್ತು. ಎಂಥ ಕೈ ಅದು! ದಿನದ ಮೊದಲ ಕಪ್ ಮಾತ್ರ ಯಾವ ಗಿರಾಕಿಗೂ ಇಲ್ಲ. ಅದನ್ನು ಮೂಸಿ, ಒಂದು ಗುಟುಕು ಬಾಯಲ್ಲಾಡಿಸಿ, ಉಳಿದದ್ದನ್ನು ಸಿಂಕಿಗೆ ಸುರಿದು ಅತ್ತೆ ‘ಹೂಂ’ ಎಂದ ಮೇಲೆಯೇ ಅಂಗಡಿಯ ಬಾಗಿಲು ತೆರೆಯಬೇಕು.

ಇಂಥ ಅತ್ತೆಗೆ ಜ್ವರ ಬಂತು. ಹೋಗುವಾಗ ಅದು ಮೂಗನ್ನೂ ನಾಲಿಗೆಯನ್ನೂ ಜೊತೆಗೇ ಕೊಂಡೊಯ್ದಿತು. ಒಲೆಯ ಮೇಲೆ ಹಾಲು ಸೀದು ಕರಿಕಾಗುತ್ತಿದ್ದರೂ ಒಲೆಗೆ ಬೆನ್ನು ಹಾಕಿ ನೆಮ್ಮದಿಯಾಗಿ ಬಟ್ಟೆ ಮಡಿಸುತ್ತ ಕೂತಿದ್ದವರನ್ನು ಕಂಡಾಗಲೇ ಸೊಸೆಗೆ ಗೊತ್ತಾದದ್ದು.

“ನಿನ್ನ ಗಂಡನ ಹತ್ರ ಬಾಯಿ ಬಿಡಬೇಡ ಕಣೇ,” ಎಂದರು ಅತ್ತೆ. “ಗೊತ್ತಾದ್ರೆ ನಾಳೆನೇ ಬಟನ್ ಒತ್ತೋ ಮಷೀನ್ ತಂದಿಟ್ಟು ನನ್ನನ್ನ ಮನೇಲಿ ಕೂರಿಸ್ತಾನೆ. ಕೂತ್ರೆ ನಾನು ಉಳಿಯಲ್ಲ.”

ಮಗ ಕೆಟ್ಟವನೇನಲ್ಲ. ಅಮ್ಮನ ಮಂಡಿನೋವು ನೋಡಲಾರದೆ ಆ ಮಷೀನಿನ ಜಪ ಮಾಡುತ್ತಿದ್ದ, ಅಷ್ಟೆ.

ಅಂದಿನಿಂದ ಮೊದಲ ಕಪ್ಪಿನ ರುಚಿ ನೋಡುವುದು ಸೊಸೆಯ ತಲೆಗೆ ಬಂತು. ಅವಳು ಕಪ್ಪನ್ನು ತುಟಿಗೆ ಸೋಕಿಸಿದಂತೆ ಮಾಡಿ ಸಿಂಕಿಗೆ ಸುರಿದು, “ಚೆನ್ನಾಗಿದೆ ಅತ್ತೆ,” ಎಂದುಬಿಡುತ್ತಿದ್ದಳು. ಅತ್ತೆಯ ಕೈಯಲ್ಲಿ ಕಾಫಿ ಕೆಡುವುದುಂಟೇ ಎಂಬ ಭಂಡಧೈರ್ಯ.

ಆ ದಿನವೂ ಹಾಗೇ ಮಾಡಿದಳು. ಎದುರಂಗಡಿಯ ದರ್ಜಿ ಬಂದು ಕೌಂಟರಿಗೆ ಒರಗಿ ನಿಂತ. ಅವನು ಎಡಚ, ಅತ್ತೆ ಎಂದಿನಂತೆ ಕಪ್ಪಿನ ಹಿಡಿಯನ್ನು ಎಡಕ್ಕೆ ತಿರುಗಿಸಿ ಇಟ್ಟರು. ದರ್ಜಿ ಒಂದು ಗುಟುಕು ಕುಡಿದ, ಅತ್ತೆಯ ಮುಖ ನೋಡಿದ, ಕಪ್ ಕೆಳಗಿಟ್ಟ.

“ಯಾಕೋ ಹೊಟ್ಟೆ ಸರಿ ಇಲ್ಲಕ್ಕಾ,” ಎಂದು ತಲೆ ತಗ್ಗಿಸಿ ಹೊರಟುಹೋದ.

ಅತ್ತೆ ಆ ತುಂಬಿದ ಕಪ್ಪನ್ನೇ ನೋಡುತ್ತ ನಿಂತರು. ಕಪ್ಪಿನ ತಳ ಕಾಣದೆ ದರ್ಜಿ ಹೋದವನೇ ಅಲ್ಲ. ಮೂಗಿನ ಹತ್ತಿರ ಹಿಡಿದರು, ಏನೂ ತಿಳಿಯಲಿಲ್ಲ.

ಹಿಂದಿನಿಂದ ಬಂದ ಮಗ ಎಲ್ಲವನ್ನೂ ನೋಡಿದ್ದ. “ಸಾಕಮ್ಮ. ಎಷ್ಟು ದಿನ ಅಂತ ಒದ್ದಾಡ್ತೀಯ? ಇವತ್ತೇ ಮಷೀನಿಗೆ ಹೇಳ್ತೀನಿ,” ಎಂದು ಫೋನ್ ತೆಗೆದ.

ಸೊಸೆ ದರ್ಜಿಯ ಕಪ್ಪನ್ನು ಕಿತ್ತುಕೊಂಡು ಬಾಯಿತುಂಬ ಕುಡಿದಳು. ಸೋಪು! ಹಿಂದಿನ ರಾತ್ರಿ ಅಂಗಡಿ ಮುಚ್ಚುವಾಗ ತೊಳೆಯುವ ಪುಡಿ ಹಾಕಿ ಮಷೀನು ಓಡಿಸಿದವಳು ಅವಳೇ. ಆಮೇಲೆ ಬರಿಯ ನೀರು ಬಿಡಬೇಕು. ಅಷ್ಟರಲ್ಲಿ ತಂಗಿಯ ಫೋನು ಬಂದಿತ್ತು. ಮಾತಿನ ಭರದಲ್ಲಿ ಮರೆತೇಬಿಟ್ಟಿದ್ದಳು.

“ರೀ, ಫೋನ್ ಇಡಿ,” ಎಂದಳು. “ತಪ್ಪು ನಂದು. ಸೋಪು ಬಿಟ್ಟೋಳು ನಾನು. ಅತ್ತೆಗೆ ವಾಸನೆ ರುಚಿ ಹೋಗಿರೋದು ಗೊತ್ತಿದ್ದೂ, ಕುಡೀದೇನೇ ಚೆನ್ನಾಗಿದೆ ಅಂತ ದಿನಾ ಸುಳ್ಳು ಹೇಳಿದೋಳೂ ನಾನೇ. ಇವ್ರ ಕೈ ಎಲ್ಲೂ ತಪ್ಪಿಲ್ಲ. ಬೇಕಾಗಿರೋದು ಒಂದು ಮೂಗು. ಅದು ನನ್ನ ಹತ್ರ ಇದೆ.”

ಮಗ ಇಬ್ಬರ ಮುಖವನ್ನೂ ನೋಡಿದ. ಫೋನು ಜೇಬಿಗೆ ಸೇರಿತು.

ಅತ್ತೆ ಮಷೀನಿಗೆ ನೀರು ಬಿಟ್ಟರು, ಮತ್ತೆ ಮತ್ತೆ ಬಿಟ್ಟರು. ಹೊಸದಾಗಿ ಪುಡಿ ಮಾಡಿ, ತುಂಬಿ, ಒತ್ತಿ, ಕಪ್ ತುಂಬಿಸಿ ಸೊಸೆಯ ಮುಂದಿಟ್ಟರು.

“ಕುಡಿ. ಏನಿದೆಯೋ ಅದನ್ನೇ ಹೇಳು. ಚೆನ್ನಾಗಿದೆ ಅಂದ್ರೆ ನೋಡು ಮತ್ತೆ.”

ಸೊಸೆ ಕುಡಿದಳು. ಮುಖ ಹಿಂಡಿದಳು. “ಕಹಿ. ಇರಿ ಇರಿ... ಕಹಿ ಹಿಂದೇನೇ ಏನೋ ಬರ್ತಿದೆ. ಸಕ್ಕರೆ ಕಂದು ಬಣ್ಣಕ್ಕೆ ಕಾಯ್ಸಿದ್ರೆ ಬರುತ್ತಲ್ಲ, ಅದು. ನುಂಗಿದ್ಮೇಲೆ ಕಿತ್ತಳೆ ಸಿಪ್ಪೆ ಸುಲಿದ ಕೈ ವಾಸನೆ ಥರ... ಅಯ್ಯೋ ಅತ್ತೆ, ಇದು ಹೋಗ್ತಾನೇ ಇಲ್ಲ, ಬಾಯೆಲ್ಲಾ ಅದೇ!”

ಅತ್ತೆ ಕಣ್ಣು ಮುಚ್ಚಿದ್ದರು. ಸೊಸೆ ನುಂಗಿದಾಗ ಅವರ ಗಂಟಲೂ ನುಂಗಿತ್ತು. ಕೆನ್ನೆಯ ಮೇಲೆ ಇಳಿದ ನೀರನ್ನು ಅವರು ಒರೆಸಿಕೊಳ್ಳಲಿಲ್ಲ.

ಸೊಸೆ ಅಭ್ಯಾಸಬಲದಿಂದ ಕಪ್ಪನ್ನು ಸಿಂಕಿನತ್ತ ಒಯ್ದಳು. ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡರು.

“ಚೆಲ್ಲಬೇಡ್ವೇ,” ಎಂದರು, “ಇನ್ನೊಂದು ಗುಟುಕು ಕುಡಿ. ನಿಧಾನಕ್ಕೆ ಹೇಳು.”