ಬಾಲರಾಜುವಿನ ಕೈಮಾತು

"ಕೈ ಕಟ್ಟಬ್ಯಾಡ್ರಿ!"

ಪ್ರಸನ್ನಲಕ್ಷ್ಮಿ ಕೂಗಿದ್ದಕ್ಕೆ, ಅಪ್ಪನ ಹೆಣದ ಹೆಬ್ಬೆರಳುಗಳನ್ನು ಜೋಡಿಸಿ ದಾರ ಸುತ್ತುತ್ತಿದ್ದವರು ಬೆಚ್ಚಿ ಹಿಂದೆ ಸರಿದರು.

"ಕಟ್ಟೋದು ಪದ್ಧತಿ ಐತವ್ವ," ಎಂದಳು ಸುಂಕಲಮ್ಮ. ಸತ್ತ ಬಾಲರಾಜುವಿನ ಅಕ್ಕ ಅವಳು. ಪ್ರಸನ್ನಲಕ್ಷ್ಮಿಗೆ ಸೋದರತ್ತೆ, ಈಗ ಗಂಡನ ತಾಯಿಯೂ ಹೌದು.

"ಅಪ್ಪ ಮಾತಾಡ್ತಿದ್ದದ್ದೇ ಕೈಯಾಗ ಅಲ್ಲೇನತ್ತಿ?"

ಸುತ್ತಿದ್ದ ದಾರವನ್ನು ಬಿಚ್ಚಿದರು. ಬಾಲರಾಜು ಹುಟ್ಟುಕಿವುಡ. ರಾಯದುರ್ಗದಲ್ಲಿ ಬಾಳೆಲ್ಲ ಜೀನ್ಸ್ ಪ್ಯಾಂಟು ಹೊಲಿದು, ತಾಯಿಯಿಲ್ಲದ ಮಗಳನ್ನು ಸಾಕಿದವನು. ಮಗಳು ಬಾಯಿಮಾತಿಗಿಂತ ಮೊದಲು ಕೈಮಾತು ಕಲಿತಿದ್ದಳು.

* * *

ಹೋದ ಯುಗಾದಿಗೆ ಅವನು ಮಡಕಶಿರದ ಮಗಳ ಮನೆಗೆ ಬಂದಿದ್ದ. ಹತ್ತಿರದ ಸಂಬಂಧದ ಮದುವೆ, ಹುಟ್ಟುವ ಮಗುವಿಗೂ ಕಿವುಡು ಬರಬಹುದೆಂದು ಡಾಕ್ಟರು ಹೇಳಿದ್ದರು. ಗಂಡ ಭರತ್ ಮೊಬೈಲ್ ಹಿಡಿದು ಬಂದ.

"ನೋಡು ಪ್ರಸನ್ನ, ಮಗು ಹೊಟ್ಟೇಲಿ ನಿಲ್ಲಕ್ಕೆ ಮುಂಚೇನೇ ಅದರ ಜೀನು ತಿದ್ದಿಬಿಡ್ತಾರಂತೆ. ಕಿವುಡು ಅನ್ನೋದೇ ಇರಲ್ವಂತೆ. ಸರ್ಕಾರದೋರು ಇನ್ನೂ ಒಪ್ಪಿಲ್ಲ, ಅಷ್ಟೇ."

"ಒಪ್ಪಿದ ದಿನ ಮೊದ್ಲು ನಾವೇ ಹೋಗಾನ."

ಏನೆಂದು ಅಪ್ಪ ಕೈಯಲ್ಲಿ ಕೇಳಿದ. ಸಂತೋಷದ ಭರದಲ್ಲಿ ಅವಳ ಕೈ ಹೇಳಿಯೇಬಿಟ್ಟಿತು: ನಿನ್ನಂಥವರು ಇನ್ನು ಹುಟ್ಟುವುದೇ ಇಲ್ಲ.

ಬಾಲರಾಜು ನಕ್ಕ. ಆಮೇಲೆ ತನ್ನ ಎದೆ ಮುಟ್ಟಿಕೊಂಡು ಕೇಳಿದ: ನಾನೂ ಹುಟ್ಟಬಾರದಿತ್ತೇ?

ಹಾಲು ಉಕ್ಕೀತೆಂಬ ನೆಪ ಮಾಡಿ ಅವಳು ಒಳಗೆ ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ.

* * *

ಕಣೇಕಲ್ಲಿನಿಂದ ಪಾಲಯ್ಯ ಬಂದ. ಅವನೂ ಕಿವುಡ, ಬಾಲರಾಜುವಿನ ಪಕ್ಕದ ಮಿಷನ್ನಿನಲ್ಲಿ ಹೊಲಿದವನು. ಹೆಣಕ್ಕೆ ಹೂವು ಹಾಕಿ ಪ್ರಸನ್ನಲಕ್ಷ್ಮಿಯ ಕಡೆ ತಿರುಗಿ ಕೈಯಾಡಿಸಿದ: ಮುಂದೆ ಮೊಮ್ಮಗು ಹುಟ್ಟಿದರೆ ಮಗಳ ಮನೆಗೆ ಹೋಗಲ್ಲ ಅನ್ನುತ್ತಿದ್ದ. ಕೂಸು ಅವನ ಕೈ ನೋಡಿ ಕಲಿತರೆ ನಿನಗೆ ಬೇಜಾರಂತೆ. ಯಾಕೆ?

"ಏನಂತಾನವ್ವ?" ಸುಂಕಲಮ್ಮ ಕೇಳಿದಳು.

"ಅಪ್ಪ ಭಾಳ ಒಳ್ಳೇವನಿದ್ದ ಅಂತಾರತ್ತಿ."

ಪಾಲಯ್ಯ ಅವಳ ತುಟಿಗಳನ್ನೇ ನೋಡುತ್ತಿದ್ದ. ಅವಳು ಮುಖ ತಿರುಗಿಸಿದಳು.

ಸ್ಮಶಾನದ ಅರ್ಧ ದಾರಿಯಲ್ಲಿ ಚಟ್ಟ ಇಳಿಸಿದರು. ಜೀವ ಎಲ್ಲಾದರೂ ಉಳಿದಿದ್ದರೆ ಓಗೊಡಲೆಂದು ಹೆಣದ ಕಿವಿಯಲ್ಲಿ ಮೂರು ಸಲ ಕರೆಯಬೇಕು. ಗಂಡುಮಕ್ಕಳಿಲ್ಲ, ಮಗಳೇ ಕರೆಯಲಿ ಎಂದರು.

"ಕಿವ್ಯಾಗ ಗಟ್ಟಿಯಾಗಿ ಕೂಗವ್ವ," ಎಂದಳು ಸುಂಕಲಮ್ಮ.

ಪ್ರಸನ್ನಲಕ್ಷ್ಮಿ ಮಣ್ಣಿನಲ್ಲಿ ಮೊಣಕಾಲೂರಿದಳು. ಕಿವಿಯ ಕಡೆ ಬಗ್ಗಲಿಲ್ಲ. ಅಪ್ಪನ ಮುಖದ ಮೇಲೆ ಎರಡೂ ಕೈ ಎತ್ತಿ, ಯುಗಾದಿಯಂದು ಕೊಡದೆ ಹೋದ ಉತ್ತರವನ್ನು ನಿಧಾನವಾಗಿ ಹೇಳಿದಳು: ನೀನು ಹುಟ್ಟಲೇಬೇಕಿತ್ತು ಅಪ್ಪ. ಮತ್ತೆ ಹೇಳಿದಳು. ನೆತ್ತಿಯ ಬಿಸಿಲಿಗೆ ಅವಳ ಬೆರಳುಗಳ ನೆರಳು ಮುಚ್ಚಿದ ರೆಪ್ಪೆಗಳ ಮೇಲೆ ಆಡುತ್ತಿತ್ತು.